ವಸ್ತುಸಂಗ್ರಹಾಲಯದ ಮತ್ಸ್ಯಸಂಗ್ರಹ: ಸಂಶೋಧನೆಗೂ ನಮ್ಮ ಕೆರೆ-ನದಿಗಳಿಗೂ ಅದರ ಮಹತ್ವ

ಕೆರೆಗೆ ಬಿಡುವ ಮೀನುಮರಿ ಯಾವ ಪ್ರಭೇದಕ್ಕೆ ಸೇರಿದ್ದು ಎಂಬುದನ್ನು ಸಾಮಾನ್ಯವಾಗಿ ಮರಿ ಮಾರುವವರ ಮಾತಿನಿಂದಲೇ ನಾವು ತಿಳಿದುಕೊಳ್ಳುತ್ತೇವೆ. ಕಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮುಂತಾದ ಹೆಸರುಗಳು ಎಲ್ಲರಿಗೂ ಪರಿಚಿತವಾಗಿರುವುದರಿಂದ ಆ ಹೆಸರುಗಳ ಹಿಂದಿರುವ ಆಧಾರವನ್ನು ಯಾರೂ ಕೇಳುವುದಿಲ್ಲ. ಆದರೆ ಒಂದು ಮೀನಿನ ಹೆಸರು ಸರಿಯೇ, ತಪ್ಪೇ ಎಂಬ ಸಂದೇಹ ಬಂದಾಗ ಅದನ್ನು ಅಂತಿಮವಾಗಿ ಪರಿಶೀಲಿಸುವ ಸ್ಥಳ ಪುಸ್ತಕವಲ್ಲ, ವಸ್ತುಸಂಗ್ರಹಾಲಯದ ಕಪಾಟಿನಲ್ಲಿರುವ ಒಂದು ಗಾಜಿನ ಜಾಡಿ. ಆ ಜಾಡಿಯಲ್ಲಿ ಮದ್ಯಸಾರದಲ್ಲಿ ಮುಳುಗಿರುವ ಮೀನು ಮತ್ತು ಅದರ ಜೊತೆಗಿರುವ ಚಿಕ್ಕ ಚೀಟಿ ಇವೆರಡೂ ಸೇರಿ ಒಂದು ವೈಜ್ಞಾನಿಕ ಸಾಕ್ಷ್ಯವಾಗುತ್ತವೆ.

ಈ ಸಾಕ್ಷ್ಯ ಇದ್ದಾಗ ಏನು ಸಾಧ್ಯವಾಗುತ್ತದೆ, ಇಲ್ಲದಿದ್ದಾಗ ಯಾವ ನಷ್ಟ ಸಂಭವಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಎರಡನೆಯದಕ್ಕೆ ನಮ್ಮ ಕಾವೇರಿ ನದಿಯೇ ಉದಾಹರಣೆಯಾಗಿದೆ.

ಮತ್ಸ್ಯಸಂಗ್ರಹ ಎಂದರೇನು?

ವಸ್ತುಸಂಗ್ರಹಾಲಯ ಎಂದೊಡನೆ ಪ್ರೇಕ್ಷಕರಿಗಾಗಿ ಜೋಡಿಸಿಟ್ಟ ಪ್ರದರ್ಶನ ಕೊಠಡಿಗಳು ನೆನಪಿಗೆ ಬರುತ್ತವೆ. ಸಂಶೋಧನೆಗೆ ಆಧಾರವಾಗುವ ಸಂಗ್ರಹವು ಬಹುಪಾಲು ಪ್ರೇಕ್ಷಕರ ಕಣ್ಣಿಗೆ ಬೀಳದ ಒಳಕೋಣೆಗಳಲ್ಲಿ ಇರುತ್ತದೆ. ನಮ್ಮ ದೇಶದಲ್ಲಿ 1916ರಲ್ಲಿ ಸ್ಥಾಪಿತವಾದ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯು ಕೋಲ್ಕತ್ತದಲ್ಲಿ ಇಂತಹ ದೊಡ್ಡ ಸಂಗ್ರಹವನ್ನು ಕಾಪಾಡಿಕೊಂಡು ಬಂದಿದೆ. ಲಕ್ನೋದಲ್ಲಿರುವ ರಾಷ್ಟ್ರೀಯ ಮತ್ಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋ ಕೂಡ ಮೀನಿನ ಮಾದರಿಗಳನ್ನು ಕಾಪಿಡುವ ರಾಷ್ಟ್ರೀಯ ಭಂಡಾರವಾಗಿದೆ.

ಮಾದರಿಯನ್ನು ಸಿದ್ಧಪಡಿಸುವ ಕ್ರಮ ಸರಳವಾದರೂ ಶಿಸ್ತನ್ನು ಬೇಡುತ್ತದೆ. ಮೀನಿನ ಬಣ್ಣವು ಸಂರಕ್ಷಣೆಯ ನಂತರ ಮಾಸುವುದರಿಂದ ಮೊದಲು ಅದರ ಛಾಯಾಚಿತ್ರವನ್ನು ತೆಗೆಯಲಾಗುತ್ತದೆ. ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುವುದರಿಂದ, ಅದಕ್ಕೂ ಮುನ್ನ ಈಜುರೆಕ್ಕೆಯ ಅಥವಾ ಮಾಂಸದ ಒಂದು ಚಿಕ್ಕ ತುಣುಕನ್ನು ಕತ್ತರಿಸಿ ಶುದ್ಧ ಎಥನಾಲ್‌ನಲ್ಲಿ ಬೇರೆಯಾಗಿ ಇಡಲಾಗುತ್ತದೆ. ಆನಂತರ ಇಡೀ ಮೀನನ್ನು ಶೇ. 10ರ ಫಾರ್ಮಲಿನ್ ದ್ರಾವಣದಲ್ಲಿ ಗಟ್ಟಿಗೊಳಿಸಿ, ನೀರಿನಲ್ಲಿ ತೊಳೆದು, ಸುಮಾರು ಶೇ. 70ರ ಎಥನಾಲ್‌ನಲ್ಲಿ ಶಾಶ್ವತವಾಗಿ ಇಡಲಾಗುತ್ತದೆ. ಬೆಳಕು ಮತ್ತು ಶಾಖದಿಂದ ದೂರವಿಟ್ಟು, ಆವಿಯಾದ ದ್ರಾವಣವನ್ನು ಕಾಲಕಾಲಕ್ಕೆ ತುಂಬುತ್ತಿದ್ದರೆ ಇಂತಹ ಮಾದರಿ ನೂರು ವರ್ಷಕ್ಕೂ ಮಿಗಿಲಾಗಿ ಉಳಿಯುತ್ತದೆ.

ಮೀನಿನಷ್ಟೇ ಮುಖ್ಯವಾದುದು ಚೀಟಿ. ಹಿಡಿದ ದಿನಾಂಕ, ನದಿ ಅಥವಾ ಕೆರೆಯ ಹೆಸರು, ನಿಖರವಾದ ಸ್ಥಳ, ಹಿಡಿದವರ ಹೆಸರು ಮತ್ತು ಬಳಸಿದ ಬಲೆಯ ಬಗೆ ಅದರಲ್ಲಿ ದಾಖಲಾಗಿರಬೇಕು. ಚೀಟಿ ಕಳೆದುಹೋದ ಮಾದರಿ ಕೇವಲ ಹಳೆಯ ಮೀನು. ಎಲ್ಲಿಯದು, ಯಾವಾಗಿನದು ಎಂದು ತಿಳಿಯದ ಮಣ್ಣಿನ ಮಾದರಿಯಿಂದ ರೈತರಿಗೆ ಗೊಬ್ಬರದ ಶಿಫಾರಸು ಮಾಡಲಾಗದಂತೆ, ಅಂತಹ ಮೀನಿನಿಂದಲೂ ಹೆಚ್ಚೇನನ್ನೂ ತಿಳಿಯಲಾಗದು.

ಬೇಸಾಯಶಾಸ್ತ್ರದಲ್ಲಿಯೂ ಈ ಪದ್ಧತಿ ಹೊಸದಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ 1843ರಿಂದ ನಡೆದುಬಂದಿರುವ ದೀರ್ಘಾವಧಿ ಪ್ರಯೋಗಗಳ ಮಣ್ಣು, ಧಾನ್ಯ ಮತ್ತು ಹುಲ್ಲಿನ ಮಾದರಿಗಳನ್ನು ಕಾಪಿಡಲಾಗಿದೆ. ಅವುಗಳನ್ನು ಮೊದಲು ಶೇಖರಿಸಿದವರಿಗೆ ತಿಳಿದೇ ಇರದ ವಿಧಾನಗಳಿಂದ ಇಂದಿನ ವಿಜ್ಞಾನಿಗಳು ಅವನ್ನು ವಿಶ್ಲೇಷಿಸುತ್ತಿದ್ದಾರೆ. ಮತ್ಸ್ಯಸಂಗ್ರಹದ ತತ್ವವೂ ಇದೇ ಆಗಿದೆ.

ಹೆಸರಿಗೆ ಆಧಾರ: ಮೂಲಮಾದರಿ

ಹೊಸ ಪ್ರಭೇದವೊಂದನ್ನು ವಿಜ್ಞಾನಕ್ಕೆ ಪರಿಚಯಿಸುವಾಗ ಅದರ ವಿವರಣೆಗೆ ಆಧಾರವಾದ ನಿರ್ದಿಷ್ಟ ಮೀನನ್ನು ಮೂಲಮಾದರಿಯೆಂದು ಗುರುತಿಸಿ ಸಂಗ್ರಹಾಲಯದಲ್ಲಿ ಇಡಲಾಗುತ್ತದೆ. ಆ ವೈಜ್ಞಾನಿಕ ಹೆಸರು ಆ ಮೀನಿಗೆ ಶಾಶ್ವತವಾಗಿ ಅಂಟಿಕೊಂಡಿರುತ್ತದೆ. ಮುಂದೆ ಯಾರಿಗೆ ಸಂದೇಹ ಬಂದರೂ ತಮ್ಮ ಕೈಯಲ್ಲಿರುವ ಮೀನನ್ನು ಅದರೊಡನೆ ಹೋಲಿಸಿ ನಿರ್ಣಯಿಸಬಹುದು. ವ್ಯಾಪಾರದಲ್ಲಿ ತೂಕದ ಬಟ್ಟನ್ನು ಅಧಿಕೃತ ಬಟ್ಟಿನೊಡನೆ ಹೋಲಿಸಿ ಮುದ್ರೆ ಹಾಕುವಂತೆ ಇದು.

ಹಿಂದೆ ಈ ನಿಯಮ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರ್ ಪ್ರಾಂತಗಳಲ್ಲಿ ಸಂಚರಿಸಿ ನಮ್ಮ ನಾಡಿನ ಬೇಸಾಯವನ್ನು ವಿವರವಾಗಿ ದಾಖಲಿಸಿದ ಫ್ರಾನ್ಸಿಸ್ ಬುಕಾನನ್ ಅವರ ಹೆಸರು ಕರ್ನಾಟಕದ ಕೃಷಿ ಇತಿಹಾಸವನ್ನು ಓದಿದವರಿಗೆ ಪರಿಚಿತ. ಮುಂದೆ ಹ್ಯಾಮಿಲ್ಟನ್ ಎಂಬ ಕುಲನಾಮವನ್ನು ಪಡೆದ ಅವರು 1822ರಲ್ಲಿ ಗಂಗಾ ನದಿಯ ಮೀನುಗಳ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಇಂದು ನಮ್ಮ ಕೆರೆಗಳಲ್ಲಿ ಸಾಕುವ ಕಟ್ಲಾ, ರೋಹು ಮತ್ತು ಮೃಗಾಲ್ ಮೀನುಗಳನ್ನು ಆ ಹೆಸರುಗಳಿಂದ ವಿಜ್ಞಾನಕ್ಕೆ ಪರಿಚಯಿಸಿದವರು ಅವರೇ. ಆದರೆ ಅವರು ವಿವರಣೆ ಮತ್ತು ಚಿತ್ರಗಳನ್ನು ಬಿಟ್ಟುಹೋದರೇ ಹೊರತು ಮಾದರಿಗಳನ್ನು ಕಾಪಿಡಲಿಲ್ಲ. ಆದ್ದರಿಂದ ಅವರು ವಿವರಿಸಿದ ಕೆಲವು ಮೀನುಗಳ ಗುರುತಿನ ಬಗ್ಗೆ ಮುಂದಿನ ತಲೆಮಾರಿನ ವಿಜ್ಞಾನಿಗಳು ಬಹುಕಾಲ ವಾದಿಸಬೇಕಾಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ಫ್ರಾನ್ಸಿಸ್ ಡೇ ಅವರದು. ಮದ್ರಾಸ್ ಸೈನ್ಯದಲ್ಲಿ ವೈದ್ಯರಾಗಿದ್ದು ಮುಂದೆ ಮೀನುಗಾರಿಕೆಯ ಮಹಾನಿರೀಕ್ಷಕರಾದ ಅವರು 1875ರಿಂದ 1878ರವರೆಗೆ ಭಾರತದ ಮೀನುಗಳ ಕುರಿತ ಬೃಹತ್ ಗ್ರಂಥವನ್ನು ಹೊರತಂದರು. ಅವರು ಸಂಗ್ರಹಿಸಿದ ಮಾದರಿಗಳು ಕೋಲ್ಕತ್ತ, ಲಂಡನ್, ಲೈಡನ್, ವಿಯೆನ್ನಾ ಮತ್ತು ಆಸ್ಟ್ರೇಲಿಯಾದ ಸಿಡ್ನಿ ನಗರಗಳ ಸಂಗ್ರಹಾಲಯಗಳಲ್ಲಿ ಉಳಿದಿವೆ. ದಕ್ಷಿಣ ಭಾರತದ ಹಳ್ಳವೊಂದರ ಮೀನಿನ ಹೆಸರನ್ನು ಖಚಿತಪಡಿಸಿಕೊಳ್ಳಲು ಸಿಡ್ನಿಯ ಜಾಡಿಯನ್ನು ನೋಡಬೇಕಾಗಬಹುದು. ಇದು ಅನಾನುಕೂಲವಾದರೂ ನೋಡಲು ಜಾಡಿಯೊಂದು ಇದೆ ಎಂಬುದೇ ದೊಡ್ಡ ಸಂಗತಿ.

ಕಾವೇರಿಯ ಗೂನುಬೆನ್ನಿನ ಮಹಶೀರ್

ಮಹಶೀರ್ ನಮ್ಮ ಕಾವೇರಿ ತೀರದವರು ಬಿಳಿಮೀನು ಎಂದೂ ಕರೆಯುವ ದೊಡ್ಡ ಹುರುಪೆಯ ಮೀನು. ಇದರಲ್ಲಿ ಎತ್ತರವಾದ ಬೆನ್ನಿನ, ಕಿತ್ತಳೆ ಛಾಯೆಯ ಈಜುರೆಕ್ಕೆಗಳ ಬಗೆಯೊಂದು ಕಾವೇರಿ ಕೊಳ್ಳದಲ್ಲಿ ಮಾತ್ರ ಇದೆ. ಇದು ಒಂದೂವರೆ ಮೀಟರಿಗಿಂತ ಹೆಚ್ಚು ಉದ್ದ ಮತ್ತು 45 ಕಿಲೋಗ್ರಾಂಗಿಂತ ಹೆಚ್ಚು ತೂಕಕ್ಕೆ ಬೆಳೆಯಬಲ್ಲದು. 1946ರಲ್ಲಿ ಕಬಿನಿ ನದಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಗುವ ಮೀನನ್ನು ಗಾಳದಿಂದ ಹಿಡಿದ ದಾಖಲೆಯಿದೆ. ಗಾಳದ ಮೀನುಗಾರಿಕೆಯ ಹವ್ಯಾಸಿಗಳಲ್ಲಿ ಈ ಮೀನು ವಿಶ್ವವಿಖ್ಯಾತವಾಗಿತ್ತು. ಆದರೂ 2018ರವರೆಗೆ ಇದರ ವೈಜ್ಞಾನಿಕ ಹೆಸರು ನಿರ್ಧಾರವಾಗಿರಲಿಲ್ಲ.

ಇಷ್ಟು ಪ್ರಸಿದ್ಧವಾದ ಮೀನಿಗೆ ಹೆಸರಿಲ್ಲದೆ ಉಳಿದದ್ದು ಏಕೆ? ಒಂದು ಕಾರಣ ಗಾತ್ರ. ಅಂಗೈಯಗಲದ ಮೀನನ್ನು ಜಾಡಿಯಲ್ಲಿಡುವುದು ಸುಲಭ, ಆಳೆತ್ತರದ ಮೀನನ್ನು ಇಡುವುದು ಕಷ್ಟ. ದೊಡ್ಡ ಮೀನುಗಳ ತೂಕ ಪುಸ್ತಕದಲ್ಲಿಯೂ ರೂಪ ಛಾಯಾಚಿತ್ರದಲ್ಲಿಯೂ ಉಳಿದವು. ಹೋಲಿಕೆಗೆ ಬೇಕಾದ ದೇಹ ಉಳಿಯಲಿಲ್ಲ.

ಇನ್ನೊಂದು ಕಾರಣ ಹಳೆಯ ಹೆಸರೊಂದರ ಗೊಂದಲ. 1839ರಲ್ಲಿ ಕರ್ನಲ್ ಸೈಕ್ಸ್ ಅವರು ದಖ್ಖನ್ ಪ್ರದೇಶದ ಮೀನುಗಳನ್ನು ವಿವರಿಸುವಾಗ ಮುಸುಲ್ಲಾ ಎಂಬ ಪ್ರಭೇದವನ್ನೂ ಖುದ್ರಿ ಎಂಬ ಪ್ರಭೇದವನ್ನೂ ಹೆಸರಿಸಿದ್ದರು. ಅವುಗಳ ಮೂಲಮಾದರಿಗಳು ಇಂದು ಲಭ್ಯವಿಲ್ಲ. 1940ರ ದಶಕದಲ್ಲಿ ಪ್ರಸಿದ್ಧ ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ ಅವರು ಮುಸುಲ್ಲಾವನ್ನು ಮಹಶೀರ್ ಎಂದು ಪರಿಗಣಿಸಿದರು. ಮುಂದೆ ಕಾವೇರಿಯ ಗೂನುಬೆನ್ನಿನ ಮೀನಿಗೂ ಆ ಹೆಸರೇ ಬಳಕೆಗೆ ಬಂದಿತು. ಸೈಕ್ಸ್ ನೋಡಿದ ಮೀನು ಕಪಾಟಿನಲ್ಲಿ ಇದ್ದಿದ್ದರೆ ಈ ಪ್ರಶ್ನೆ ಒಂದೇ ದಿನದಲ್ಲಿ ಬಗೆಹರಿಯುತ್ತಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನವು ಮುಸುಲ್ಲಾ ಮಹಶೀರ್ ಅಲ್ಲವೆಂದೂ ಅದು ಹಿಪ್ಸೆಲೋಬಾರ್ಬಸ್ ಎಂಬ ಬೇರೆ ಕುಲಕ್ಕೆ ಸೇರಿದ್ದೆಂದೂ ತೋರಿಸಿತು. ಇದರಿಂದ ಕಾವೇರಿಯ ಮೀನು ಮತ್ತೆ ಹೆಸರಿಲ್ಲದಾಯಿತು.

ಈ ನಡುವೆ 2007ರಲ್ಲಿ ಕೇರಳದ ಪಾಂಬಾರ್ ನದಿಯಿಂದ ಟಾರ್ ರೆಮಾದೇವಿಯೈ ಎಂಬ ಮಹಶೀರ್ ಪ್ರಭೇದವನ್ನು ವಿವರಿಸಲಾಗಿತ್ತು. ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿ ರೆಮಾ ದೇವಿ ಅವರ ಗೌರವಾರ್ಥ ಆ ಹೆಸರನ್ನು ಇಡಲಾಗಿತ್ತು. ಪಾಂಬಾರ್ ಕಾವೇರಿ ಕೊಳ್ಳದ ದಕ್ಷಿಣ ತುದಿಯ ಉಪನದಿ. ಕಾವೇರಿ ಕೊಳ್ಳದಲ್ಲಿ ಹೊಸದಾಗಿ ಸಂಗ್ರಹಿಸಿದ ಗೂನುಬೆನ್ನಿನ ಮೀನುಗಳ ದೇಹಲಕ್ಷಣ ಮತ್ತು ಡಿಎನ್‌ಎ ಎರಡನ್ನೂ ಪರೀಕ್ಷಿಸಿದ ವಿಜ್ಞಾನಿಗಳ ತಂಡವು, ಈ ಎರಡೂ ಒಂದೇ ಪ್ರಭೇದವೆಂದು 2018ರಲ್ಲಿ ಪ್ರಕಟಿಸಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಮೀನನ್ನು ತನ್ನ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯಕ್ಕೊಳಗಾದ ಪ್ರಭೇದವೆಂದು ಸೇರಿಸಿತು. ಕೆಂಪು ಪಟ್ಟಿಯಲ್ಲಿ ಅಪಾಯದ ಅಂದಾಜು ಪ್ರಭೇದದ ಲೆಕ್ಕದಲ್ಲಿ ನಡೆಯುವುದರಿಂದ, ಹೆಸರು ಖಚಿತವಾಗುವವರೆಗೆ ರಕ್ಷಣೆಯೂ ಕಾಯಬೇಕಾಯಿತು.

ತಪ್ಪು ಗುರುತಿನ ಬೆಲೆ

ಹೆಸರಿನ ಗೊಂದಲ ಪಂಡಿತರ ವಾದವಾಗಿಯೇ ಉಳಿದಿದ್ದರೆ ಹಾನಿಯಿರಲಿಲ್ಲ. ಮಹಶೀರ್ ಸಂತತಿ ಕ್ಷೀಣಿಸುತ್ತಿರುವುದನ್ನು ಕಂಡು, ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ಮಹಶೀರ್ ಮರಿಗಳನ್ನು 1970ರ ದಶಕದಿಂದ ದೇಶದ ಹಲವು ನದಿಗಳಿಗೆ ಬಿಡಲಾಯಿತು. ಕಾವೇರಿಗೂ ಅವು ಬಂದವು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಅವು ನೀಲಿ ಈಜುರೆಕ್ಕೆಯ ಟಾರ್ ಖುದ್ರಿ ಪ್ರಭೇದದವು; ಕಾವೇರಿಯ ಗೂನುಬೆನ್ನಿನ ಮೀನಲ್ಲ. ಎಲ್ಲವನ್ನೂ ಮಹಶೀರ್ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದುದರಿಂದ ಈ ವ್ಯತ್ಯಾಸಕ್ಕೆ ತಕ್ಕ ಗಮನ ದೊರೆಯಲಿಲ್ಲ.

ಇದರ ಪರಿಣಾಮ ತಿಳಿದುಬಂದದ್ದು ಇನ್ನೊಂದು ಬಗೆಯ ದಾಖಲೆಯಿಂದ. ಕಾವೇರಿ ತೀರದ ಗಾಲಿಬೋರೆ ಶಿಬಿರದಲ್ಲಿ ಗಾಳಗಾರರು ಹಿಡಿದು ಮತ್ತೆ ನೀರಿಗೆ ಬಿಟ್ಟ ಮೀನುಗಳ ವಿವರವನ್ನು ಪುಸ್ತಕದಲ್ಲಿ ಬರೆದಿಡಲಾಗುತ್ತಿತ್ತು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ವಿಶ್ಲೇಷಿಸಿದಾಗ ನೀಲಿ ಈಜುರೆಕ್ಕೆಯ ಮೀನುಗಳ ಸಂಖ್ಯೆ ಏರಿದ್ದೂ ಗೂನುಬೆನ್ನಿನ ಮೀನುಗಳು ತೀವ್ರವಾಗಿ ಕುಸಿದದ್ದೂ ಸ್ಪಷ್ಟವಾಯಿತು. ಒಟ್ಟು ಮಹಶೀರ್ ಎಂದು ಮಾತ್ರ ಲೆಕ್ಕ ಹಾಕಿದ್ದರೆ ಎಲ್ಲವೂ ಸುಸ್ಥಿತಿಯಲ್ಲಿದೆ ಎಂದೇ ತೋರುತ್ತಿತ್ತು. ಅಣೆಕಟ್ಟುಗಳು, ಮರಳು ಗಣಿಗಾರಿಕೆ, ಸಿಡಿಮದ್ದು ಬಳಸಿ ಮೀನು ಹಿಡಿಯುವುದು ಮುಂತಾದ ಕಾರಣಗಳೂ ಈ ಮೀನಿಗೆ ಅಪಾಯ ತಂದಿವೆ. ಆದರೆ ಕಾಪಾಡುವ ಪ್ರಯತ್ನವೇ ಬೇರೆ ಪ್ರಭೇದವನ್ನು ತಂದು ಸೇರಿಸಿದ್ದು ಈ ಪ್ರಕರಣದ ಮುಖ್ಯ ಪಾಠವಾಗಿದೆ.

ಸಂಗ್ರಹಿಸಿದವರು ಊಹಿಸದ ಪ್ರಶ್ನೆಗಳು

ಮತ್ಸ್ಯಸಂಗ್ರಹದ ಉಪಯೋಗ ಹೆಸರಿಗೆ ಮಾತ್ರ ಸೀಮಿತವಲ್ಲ. ಹಿಂದಿನ ನೀರು ಹೇಗಿತ್ತು ಎಂಬುದಕ್ಕೂ ಅದು ಸಾಕ್ಷಿ ನುಡಿಯಬಲ್ಲದು.

ಸಮುದ್ರದ ದೊಡ್ಡ ಮೀನುಗಳಲ್ಲಿ ಪಾದರಸದ ಅಂಶ ಕಂಡುಬಂದು ಆತಂಕ ಹುಟ್ಟಿದಾಗ, ಅದು ಆಧುನಿಕ ಕೈಗಾರಿಕೆಗಳಿಂದ ಬಂದದ್ದೇ ಎಂಬ ಪ್ರಶ್ನೆ ಎದ್ದಿತು. 1972ರಲ್ಲಿ ಅಮೆರಿಕದ ವಿಜ್ಞಾನಿಗಳು 62ರಿಂದ 93 ವರ್ಷಗಳ ಹಿಂದೆ ಹಿಡಿದಿಟ್ಟಿದ್ದ ಏಳು ಟ್ಯೂನಾ ಮೀನುಗಳನ್ನೂ 25 ವರ್ಷ ಹಳೆಯ ಒಂದು ಕತ್ತಿಮೀನನ್ನೂ ಪರೀಕ್ಷಿಸಿ, ಅವುಗಳಲ್ಲಿನ ಪಾದರಸದ ಪ್ರಮಾಣ ಆಗ ಹೊಸದಾಗಿ ಹಿಡಿದ ಮೀನುಗಳಲ್ಲಿದ್ದಷ್ಟೇ ಇದೆಯೆಂದು ವರದಿ ಮಾಡಿದರು. ಕೃಷಿಗೆ ನೇರವಾಗಿ ಸಂಬಂಧಿಸಿದ ಫಲಿತಾಂಶ ಸ್ವೀಡನ್ನಿನಿಂದ ಬಂದಿತ್ತು. ಅಲ್ಲಿ 1966ರಲ್ಲಿ ಸಂಗ್ರಹಾಲಯದ ನೂರು ವರ್ಷಗಳ ಹಕ್ಕಿಗಳ ಗರಿಗಳನ್ನು ಪರೀಕ್ಷಿಸಿದಾಗ, ಬಿತ್ತನೆ ಬೀಜಕ್ಕೆ ಪಾದರಸಯುಕ್ತ ಔಷಧ ಲೇಪಿಸುವ ಪದ್ಧತಿ ಹರಡಿದ 1940ರ ದಶಕದಿಂದ ಗರಿಗಳಲ್ಲಿ ಪಾದರಸ ಹಠಾತ್ತಾಗಿ ಏರಿದ್ದು ಕಂಡುಬಂದಿತು. ಅಂದರೆ ಅದೇ ವಿಧಾನ ಒಂದೆಡೆ ಹಳೆಯ ಮಟ್ಟವೇ ಮುಂದುವರಿದಿದೆ ಎಂದೂ ಇನ್ನೊಂದೆಡೆ ಮನುಷ್ಯನ ಕಾರ್ಯದಿಂದ ಏರಿದೆ ಎಂದೂ ತೋರಿಸಿತು. ಹಳೆಯ ಮಾದರಿಗಳಿಲ್ಲದಿದ್ದರೆ ಈ ಎರಡನ್ನೂ ಬೇರ್ಪಡಿಸುವುದು ಸಾಧ್ಯವಿರಲಿಲ್ಲ.

ಇತ್ತೀಚಿನ ಉದಾಹರಣೆ ಅಮೆರಿಕದ ಸಿಯಾಟಲ್ ನಗರದ ಬರ್ಕ್ ವಸ್ತುಸಂಗ್ರಹಾಲಯಕ್ಕೆ ಸೇರಿದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮತ್ಸ್ಯಸಂಗ್ರಹದ್ದು. ಮೀನನ್ನು ಜಾಡಿಯಲ್ಲಿಟ್ಟಾಗ ಅದರ ಕಿವಿರು, ಕರುಳು ಮತ್ತು ಮಾಂಸದಲ್ಲಿದ್ದ ಪರಾವಲಂಬಿ ಜೀವಿಗಳೂ ಜೊತೆಯಲ್ಲೇ ಸಂರಕ್ಷಿತವಾಗುತ್ತವೆ. ಅಲ್ಲಿನ ವಿಜ್ಞಾನಿಗಳು ಪ್ಯೂಜೆಟ್ ಸೌಂಡ್ ಎಂಬ ಕೊಲ್ಲಿಯಲ್ಲಿ 1880ರಿಂದ 2019ರ ನಡುವೆ ಹಿಡಿದ ಎಂಟು ಪ್ರಭೇದಗಳ 699 ಮೀನುಗಳನ್ನು ಪರೀಕ್ಷಿಸಿ 17,000ಕ್ಕೂ ಹೆಚ್ಚು ಪರಾವಲಂಬಿಗಳನ್ನು ಎಣಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಜೀವನಚಕ್ರ ಪೂರೈಸಲು ಮೂರು ಅಥವಾ ಹೆಚ್ಚು ಆಶ್ರಯಜೀವಿಗಳು ಬೇಕಾಗುವ ಪರಾವಲಂಬಿಗಳು, ಸಮುದ್ರದ ಮೇಲ್ಮೈ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದಂತೆ ಶೇ. 38ರಷ್ಟು ಇಳಿಮುಖವಾಗಿವೆ.

ಕುರಿ-ದನಗಳ ಯಕೃತ್ತಿನ ಚಪ್ಪಟೆ ಹುಳು ತನ್ನ ಬೆಳವಣಿಗೆಗೆ ಗದ್ದೆಯ ಬಸವನಹುಳುವನ್ನು ಆಶ್ರಯಿಸುವುದು ರೈತರಿಗೆ ತಿಳಿದಿದೆ. ಬಸವನಹುಳು ಇಲ್ಲದಲ್ಲಿ ಆ ರೋಗವೂ ಇಲ್ಲ. ಅದೇ ರೀತಿ, ಆಶ್ರಯಜೀವಿಗಳ ಸರಪಳಿ ಉದ್ದವಾದಷ್ಟೂ ಅದರ ಯಾವುದೋ ಒಂದು ಕೊಂಡಿ ಕಳಚುವ ಸಾಧ್ಯತೆ ಹೆಚ್ಚು. ನೀರಿನ ಜೀವಜಾಲದಲ್ಲಿ ಆಗುತ್ತಿರುವ ಬದಲಾವಣೆಯ ಸೂಚನೆಯಾಗಿ ಈ ಇಳಿಕೆಯನ್ನು ಗಮನಿಸಬೇಕಾಗುತ್ತದೆ. ಆ ಮೀನುಗಳನ್ನು ಜಾಡಿಗೆ ಹಾಕಿದವರಲ್ಲಿ ಯಾರೂ ಪರಾವಲಂಬಿಗಳ ಇತಿಹಾಸವನ್ನು ಬರೆಯಲು ಹಾಗೆ ಮಾಡಿರಲಿಲ್ಲ.

ಇವಲ್ಲದೆ ಕಿವಿಗಲ್ಲಿನ ಉಂಗುರಗಳಿಂದ ಮೀನಿನ ವಯಸ್ಸು ಮತ್ತು ಬೆಳವಣಿಗೆಯ ದರವನ್ನು, ಕ್ಷ-ಕಿರಣ ಚಿತ್ರದಿಂದ ಬೆನ್ನೆಲುಬಿನ ಮಣಿಗಳ ಸಂಖ್ಯೆಯನ್ನು, ಹೊಟ್ಟೆಯಲ್ಲಿ ಉಳಿದ ಪದಾರ್ಥದಿಂದ ಅದರ ಆಹಾರವನ್ನು ತಿಳಿಯಬಹುದು.

ಮಿತಿಗಳು

ಸಂಗ್ರಹದ ಮಾದರಿಗಳನ್ನು ಬಳಸುವಾಗ ಎಚ್ಚರ ಅಗತ್ಯ. ಫಾರ್ಮಲಿನ್‌ನಲ್ಲಿಟ್ಟ ಹಳೆಯ ಮೀನಿನಿಂದ ಡಿಎನ್‌ಎ ಪಡೆಯುವುದು ಕಷ್ಟಕರ. ಆಮ್ಲೀಯ ದ್ರಾವಣದಲ್ಲಿ ಕಿವಿಗಲ್ಲು ಕರಗಿಹೋಗುತ್ತದೆ. ದ್ರಾವಣ ಅಥವಾ ಪಾತ್ರೆಯಿಂದಲೇ ಲೋಹದ ಅಂಶ ಮೀನಿಗೆ ಸೇರಿರಬಹುದು. ಹಿಂದಿನವರು ತಮಗೆ ಅನುಕೂಲವಾದ ಸ್ಥಳಗಳಲ್ಲಿ, ತಮಗೆ ಆಸಕ್ತಿಯಿದ್ದ ಮೀನುಗಳನ್ನೇ ಹೆಚ್ಚಾಗಿ ಸಂಗ್ರಹಿಸಿರುವುದರಿಂದ ಜಾಡಿಗಳ ಸಂಖ್ಯೆಯನ್ನು ನದಿಯಲ್ಲಿನ ಮೀನುಗಳ ಸಂಖ್ಯೆಯೆಂದು ಭಾವಿಸಬಾರದು.

ರೈತರು ಮತ್ತು ಮೀನುಗಾರರಿಗೆ ಸಲಹೆಗಳು

• ಮೀನುಮರಿಗಳನ್ನು ಅಧಿಕೃತ ಮರಿ ಉತ್ಪಾದನಾ ಕೇಂದ್ರಗಳಿಂದಲೇ ಖರೀದಿಸಿ. ಪ್ರಭೇದದ ಹೆಸರು, ಸಂಖ್ಯೆ, ದಿನಾಂಕ ಮತ್ತು ಕೇಂದ್ರದ ಹೆಸರಿರುವ ರಸೀದಿಯನ್ನು ಕಡ್ಡಾಯವಾಗಿ ಪಡೆದು ಜೋಪಾನವಾಗಿಡಿ. ನಿಮ್ಮ ಕೆರೆಯ ಮಟ್ಟಿಗೆ ಅದೇ ಜಾಡಿಯೊಳಗಿನ ಚೀಟಿ.

• ಗುರುತು ತಿಳಿಯದ ಮೀನನ್ನು, ಅಕ್ವೇರಿಯಂನಲ್ಲಿ ಸಾಕಿದ ಮೀನನ್ನು ಅಥವಾ ಬೇರೆ ನದಿಯಿಂದ ತಂದ ಮೀನನ್ನು ಕೆರೆ, ಹಳ್ಳ, ನದಿಗಳಿಗೆ ಬಿಡಬೇಡಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ನಿಷೇಧಿಸಲಾಗಿದೆ. ದೇವರ ಹೆಸರಿನಲ್ಲಿ ನದಿಗೆ ಮೀನು ಬಿಡುವವರೂ ಇದನ್ನು ಗಮನಿಸಬೇಕು.

• ಬಲೆಯಲ್ಲಿ ಅಪರಿಚಿತ ಅಥವಾ ಅಪರೂಪದ ಮೀನು ಕಂಡುಬಂದರೆ ಅದರ ಎಡಬದಿ ಪೂರ್ಣವಾಗಿ ಕಾಣುವಂತೆ, ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು, ಮೊಬೈಲ್‌ನಲ್ಲಿ ಛಾಯಾಚಿತ್ರ ತೆಗೆಯಿರಿ. ಜೀವಂತವಿರುವ ದೇಶೀಯ ಮೀನನ್ನು ಹಿಡಿದ ಸ್ಥಳದಲ್ಲಿಯೇ ಮರಳಿ ಬಿಡಿ.

• ಮೀನು ಸತ್ತಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಂಜುಗಡ್ಡೆಯಲ್ಲಿಡಿ. ದಿನಾಂಕ, ಗ್ರಾಮ, ತಾಲ್ಲೂಕು, ನೀರಿನ ಮೂಲ, ಬಲೆಯ ಬಗೆ ಮತ್ತು ಸ್ಥಳೀಯ ಹೆಸರನ್ನು ಪೆನ್ಸಿಲಿನಿಂದ ಬರೆದ ಚೀಟಿಯನ್ನು ಜೊತೆಗಿಡಿ. ಪೆನ್ನಿನ ಶಾಯಿ ತೇವದಲ್ಲಿ ಅಳಿಸಿಹೋಗುತ್ತದೆ.

• ಫಾರ್ಮಲಿನ್ ವಿಷಕಾರಿ. ಮನೆಯಲ್ಲಿ ಅದನ್ನು ಬಳಸಬೇಡಿ. ಮಾದರಿಯನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ.

• ಅಭಯಾರಣ್ಯಗಳಲ್ಲಿ ಹಾಗೂ ಶೃಂಗೇರಿ, ಶಿಶಿಲದಂತಹ ದೇವಸ್ಥಾನಗಳ ಬಳಿಯ ಮತ್ಸ್ಯಧಾಮಗಳಲ್ಲಿ ಯಾವುದೇ ಕಾರಣಕ್ಕೂ ಮೀನನ್ನು ಹಿಡಿಯಬೇಡಿ.

• ಮೀನುಗಾರರ ಸಹಕಾರ ಸಂಘಗಳು ಪ್ರತಿ ಋತುವಿನಲ್ಲಿ ದೊರೆತ ಮೀನಿನ ಪ್ರಭೇದವಾರು ತೂಕವನ್ನು ಪುಸ್ತಕದಲ್ಲಿ ದಾಖಲಿಸುವುದು ಸೂಕ್ತ. ಬಗೆಗಳನ್ನು ಬೇರ್ಪಡಿಸದೆ ಇತರೆ ಮೀನು ಎಂದು ಒಟ್ಟಾಗಿ ಬರೆದರೆ ಸ್ಥಳೀಯ ಪ್ರಭೇದಗಳ ಇಳಿಕೆ ಗಮನಕ್ಕೆ ಬರುವುದಿಲ್ಲ.

ಗೂನುಬೆನ್ನಿನ ಮಹಶೀರ್ ಇಂದು ಕಾವೇರಿ ಕೊಳ್ಳದ ಕೆಲವೇ ಭಾಗಗಳಲ್ಲಿ ಉಳಿದುಕೊಂಡಿದೆ. ನಮ್ಮ ಹಳ್ಳ-ಕೆರೆಗಳಲ್ಲಿ ಇಷ್ಟು ಹೆಸರಾಗದ, ಬೆರಳುದ್ದದ ಸ್ಥಳೀಯ ಮೀನುಗಳು ಇನ್ನೂ ಎಷ್ಟೋ ಇವೆ. ಅವುಗಳ ಪರವಾಗಿ ಮಾತನಾಡುವ ಗಾಳಗಾರರೂ ಇಲ್ಲ, ಛಾಯಾಚಿತ್ರಗಳೂ ಇಲ್ಲ. ಅವು ಇದ್ದವು ಎಂಬುದಕ್ಕೂ, ಮರಳಿ ಬೆಳೆಸುವ ಸಂದರ್ಭ ಬಂದರೆ ಯಾವುದನ್ನು ಬೆಳೆಸಬೇಕು ಎಂಬುದಕ್ಕೂ ಉಳಿಯುವ ಆಧಾರವೆಂದರೆ ಸರಿಯಾಗಿ ಚೀಟಿ ಬರೆದು ಕಾಪಿಟ್ಟ ಮಾದರಿ ಮಾತ್ರ.